ಬಲ್ಬು ಎಣಿಸಿದ್ದಾಯಿತು, ಬಿಲ್ಲು ನೋಡಿದವರಾರು?

ಸರ್ಕಾರಿ ಶಾಲೆಯ ತಾರಸಿಯ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್ ಕೂತರೆ ಸಾಕು, ‘ವಿದ್ಯುತ್ ಉಳಿತಾಯದ ಮಾದರಿ ಶಾಲೆ’ ಎಂಬ ಬೋರ್ಡು ಗೇಟಿಗೆ ಬೀಳುತ್ತದೆ. ಪ್ಯಾನೆಲ್ ಕರೆಂಟು ಕೊಡುತ್ತದೆ, ನಿಜ. ಆದರೆ ಒಳಗಿನ ಫ್ಯಾನು ಎಷ್ಟು ಎಳೆಯುತ್ತದೆ, ಪಂಪು ಎಷ್ಟು ಹೊತ್ತು ಸುಮ್ಮನೆ ಓಡುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಗೊಂದಲದ ನಡುವೆ, ಇಂಧನ ದಕ್ಷತೆಯ ವಿಚಾರದಲ್ಲಿ ಕರ್ನಾಟಕಕ್ಕೆ ತನ್ನದೇ ಗಟ್ಟಿ ಪರಂಪರೆಯಿತ್ತೆಂಬುದೇ ಮರೆತುಹೋದಂತಿದೆ.

ಹೊರಗಿನ ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. 1973ರ ತೈಲ ಬಿಕ್ಕಟ್ಟು ಯುರೋಪಿನ ನಗರಾಡಳಿತಗಳನ್ನು ಎಚ್ಚರಿಸಿತು. ಜರ್ಮನಿಯ ಸ್ಟುಟ್‌ಗಾರ್ಟ್ 1977ರಿಂದಲೇ ತನ್ನ ಕಟ್ಟಡಗಳ ಇಂಧನದ ಲೆಕ್ಕ ಇಡತೊಡಗಿತು. ಹ್ಯಾಂಬರ್ಗ್ 1994ರಲ್ಲಿ ಶಾಲೆಗಳೊಂದಿಗೆ ನೇರ ಒಪ್ಪಂದ ಮಾಡಿಕೊಂಡಿತು: ಉಳಿಸಿದ ದುಡ್ಡಿನಲ್ಲಿ ಅರ್ಧ ನಿಮಗೆ. ಇಂಗ್ಲೆಂಡಿನ ದೊಡ್ಡ ಸಾರ್ವಜನಿಕ ಕಟ್ಟಡಗಳು ತಾವು ನಿಜಕ್ಕೂ ಬಳಸಿದ ಇಂಧನವನ್ನು ಆಧರಿಸಿದ ದರ್ಜೆಪತ್ರವನ್ನು 2008ರಿಂದ ಜನರಿಗೆ ಕಾಣುವಂತೆ ತೂಗುಹಾಕಬೇಕಾಗಿದೆ.

ನಮ್ಮಲ್ಲಿ ಈ ಚಿಂತನೆಗೆ ಅಡಿಪಾಯ ಬಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1974ರಲ್ಲಿ ಅಲ್ಲಿ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ಕುಮಾರ್ ಎನ್. ರೆಡ್ಡಿ ಇಡೀ ಲೆಕ್ಕಾಚಾರವನ್ನೇ ತಿರುವಿಹಾಕಿದರು. ಜನಕ್ಕೆ ಬೇಕಿರುವುದು ಕಿಲೋವ್ಯಾಟ್ ಅಲ್ಲ, ಬೆಳಕು, ನೀರು, ಬೆಂದ ಅನ್ನ. ಅದನ್ನು ಕಡಿಮೆ ಕರೆಂಟಿನಲ್ಲಿ ಕೊಡಲು ಸಾಧ್ಯವೇ ಎಂಬುದು ಅವರ ವಾದದ ತಿರುಳು. ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆ ದೊಡ್ಡ ದೊಡ್ಡ ಸ್ಥಾವರಗಳನ್ನು ಬೇಡಿದಾಗ, ರೆಡ್ಡಿ ಮತ್ತು ಸಂಗಡಿಗರು ‘ಡಿಫೆಂಡಸ್’ ಎಂಬ ಪರ್ಯಾಯ ಲೆಕ್ಕವನ್ನೇ ಮುಂದಿಟ್ಟರು. ಬೇಡಿಕೆಯನ್ನು ಕೊನೆಯ ಬಳಕೆಯಿಂದ, ಅಂದರೆ ಪಂಪು, ದೀಪ, ಒಲೆಯಿಂದ, ಮೇಲಕ್ಕೆ ಕೂಡಿಸುತ್ತ ಹೋಗುವ ಕ್ರಮವದು. ಆ ಶಿಸ್ತಿಗೆ ಸಾಟಿಯಾದದ್ದು ಆಮೇಲೆ ಬರಲಿಲ್ಲ. 2004ರಲ್ಲಿ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ತಿಂಗಳ ಬಿಲ್ಲಿನಲ್ಲೇ ಕಂತು ಕಟ್ಟುವ ಅನುಕೂಲದೊಂದಿಗೆ ಮನೆಗಳಿಗೆ ಕೊಡಿಸಿತಲ್ಲ, ಅದರಲ್ಲಿ ಈ ಚಿಂತನೆಯ ಸುಳಿವಾದರೂ ಇತ್ತು.

ದೆಹಲಿಯ ದಾರಿ ಬೇರೆ. 2001ರ ಇಂಧನ ಸಂರಕ್ಷಣಾ ಕಾಯ್ದೆ, 2002ರಲ್ಲಿ ಇಂಧನ ದಕ್ಷತಾ ಬ್ಯೂರೋ, 2007ರಲ್ಲಿ ಕಟ್ಟಡಗಳ ಇಂಧನ ಸಂಹಿತೆ. ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ 175 ನಗರ ಸಂಸ್ಥೆಗಳನ್ನು ಆರಿಸಿ ಆಡಿಟ್ ಮಾಡಿಸಿ ವಿವರವಾದ ಯೋಜನಾ ವರದಿ (ಡಿಪಿಆರ್) ತಯಾರಿಸುವ ಕಾರ್ಯಕ್ರಮವೂ ಬಂತು. ಡಿಪಿಆರ್ ಬರೆಯುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. 2009ರಲ್ಲಿ ಕಚೇರಿ ಕಟ್ಟಡಗಳಿಗೆ ಸ್ಟಾರ್ ಕೊಡುವ ಪದ್ಧತಿ ಬಂದಾಗ, ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು ಅಳತೆಗೋಲಾಯಿತು. ಮೊದಲ ಸುತ್ತಿನಲ್ಲಿ ಬೆಂಗಳೂರಿನಂಥ ಹಿತವಾದ ಹವೆಯ ವಲಯವೂ ಇರಲಿಲ್ಲ, ಶಾಲೆಗಳೂ ಇರಲಿಲ್ಲ. ಇದ್ದಿದ್ದರೂ ಫಜೀತಿಯೇ: ಫ್ಯಾನೇ ಇಲ್ಲದೆ, ಶೀಟಿನ ಸೂರಿನಡಿ ಮಕ್ಕಳು ಬೆವರುವ ಶಾಲೆಗೆ ಈ ಅಳತೆಯಲ್ಲಿ ಐದೂ ಸ್ಟಾರ್ ಸಿಗುತ್ತದೆ!

2015ರ ನಂತರದ್ದು ಎಲ್‌ಇಡಿ ಯುಗ. ಸಗಟು ಖರೀದಿಯಿಂದ 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಬೆಲೆ ಎರಡು-ಮೂರು ವರ್ಷಗಳಲ್ಲಿ 38 ರೂಪಾಯಿಗೆ ಇಳಿದದ್ದು ದೊಡ್ಡ ಸಾಧನೆಯೇ. ತೊಡಕಿರುವುದು ಉಳಿತಾಯದ ಲೆಕ್ಕದಲ್ಲಿ. ಹಳೇ ಟ್ಯೂಬ್‌ಲೈಟು ಚೋಕೂ ಸೇರಿ ಸುಮಾರು 50 ವ್ಯಾಟ್, ಎಲ್‌ಇಡಿ 20 ವ್ಯಾಟ್. ದಿನಕ್ಕೆ 6 ಗಂಟೆ, ವರ್ಷಕ್ಕೆ 220 ದಿನ ಅಂದರೆ ಟ್ಯೂಬಿಗೆ 40 ಯೂನಿಟ್ ಉಳಿತಾಯ ಎಂದು ಕಾಗದದಲ್ಲಿ ಬರೆದಾಯಿತು. ಕಿಟಕಿಯ ಬೆಳಕು ಚೆನ್ನಾಗಿರುವ ತರಗತಿಯಲ್ಲಿ ಆ ಟ್ಯೂಬು ಉರಿಯುತ್ತಿತ್ತೇ? ಯಾರೂ ಕೇಳುವುದಿಲ್ಲ. ಇನ್ನೊಂದು ಎಡವಟ್ಟು ಬಿಲ್ಲಿನಲ್ಲೇ ಇದೆ. ನಿಗದಿತ ಶುಲ್ಕ ಬೀಳುವುದು ಮಂಜೂರಾದ ಲೋಡಿನ ಮೇಲೆ. ದೀಪಗಳನ್ನೆಲ್ಲ ಬದಲಿಸಿದ ಮೇಲೂ ಲೋಡ್ ಇಳಿಸಲು ಅರ್ಜಿ ಕೊಡದಿದ್ದರೆ, ಬಳಸದ ಕಿಲೋವ್ಯಾಟಿಗೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಲೇ ಇರಬೇಕು.

2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲಾ-ಕಾಲೇಜುಗಳಿಗೆ ಉಚಿತ ವಿದ್ಯುತ್ ಘೋಷಿಸಿದರು. ಬೇಕಾಗಿದ್ದ ತೀರ್ಮಾನವೇ. ಬಿಲ್ಲು ಬಾಕಿಯೆಂದು ಲೈನ್‌ಮನ್ ಫ್ಯೂಸ್ ಕಿತ್ತುಕೊಂಡು ಹೋದರೆ ಹೆಡ್‌ಮಾಸ್ಟರು ಕೈಯಿಂದ ಹಾಕಿ ಕಟ್ಟುವ ಅವಮಾನಕ್ಕೆ ಇದು ಮದ್ದು. ಆದರೆ ಬಿಲ್ಲಿನ ಚಿಂತೆ ತಪ್ಪಿದವರಿಗೆ ಮೀಟರಿನ ಮೇಲೆ ಕಣ್ಣಿಡುವ ಕಾರಣವೂ ತಪ್ಪುತ್ತದೆ. ಹ್ಯಾಂಬರ್ಗಿನ ಅರ್ಧ ಪಾಲಿನಂಥ ಆಸೆಯನ್ನೂ ಯಾರೂ ತೋರಿಸಿಲ್ಲ.

ಸಾಮಗ್ರಿಗೇನೂ ಬರವಿಲ್ಲ. ಮೀಟರಿದ್ದ ಪ್ರತಿ ಶಾಲೆಯ ಯೂನಿಟ್ಟೂ ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ಲೆಕ್ಕದಲ್ಲಿ ಆರ್‌.ಆರ್. ನಂಬರಿನಡಿ ಕೂತಿದೆ. ಕೊಠಡಿ ಎಷ್ಟು, ಮಕ್ಕಳೆಷ್ಟು ಎಂಬುದು ಶಿಕ್ಷಣ ಇಲಾಖೆಯ ಯುಡೈಸ್ ಕೋಡಿನಡಿ ಇದೆ. ಇವೆರಡನ್ನೂ ತಾಳೆ ಹಾಕಿದರೆ ಮೊದಲು ನೋಡಬೇಕಾದ್ದು ಬೇಸಿಗೆ ರಜೆಯ ಬಿಲ್ಲು. ಬೀಗ ಹಾಕಿದ ಶಾಲೆಯಲ್ಲಿ ಮೇ ತಿಂಗಳಲ್ಲೂ ಮೀಟರು ಓಡಿದ್ದರೆ, ಎಲ್ಲೋ ಪಂಪು ಆರಿಸಿಲ್ಲ, ಇಲ್ಲವೇ ಪಕ್ಕದವರ ವೈರು ಕಾಂಪೌಂಡು ದಾಟಿ ಬಂದಿದೆ.