ಆಕಾಶದಲ್ಲಿ ಹೆಡೆ: ತರಗತಿಯ ಒಂದು ತಪ್ಪಿನ ತಿದ್ದುಪಡಿ

2007ರ ಫೆಬ್ರವರಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಕರೆದೊಯ್ದಿದ್ದು ಇದನ್ನು ಓದುತ್ತಿರುವ ಕೆಲವರಿಗಾದರೂ ನೆನಪಿರಬೇಕು. ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐ ವಿಮಾನವು ಮೂತಿಯನ್ನು ಮೇಲಕ್ಕೆತ್ತಿಕೊಂಡು, ಬಾಲದ ಮೇಲೆ ನಿಂತಂತೆ ತೇಲಿದಾಗ, ನಿಮ್ಮಲ್ಲೊಬ್ಬ “ಸಾರ್, ಹಾವು ಹೆಡೆ ಎತ್ತಿದ ಹಾಗಿದೆ” ಎಂದು ಕೂಗಿದ್ದ. ಮರುದಿನ ನಾನು ಕರಿಹಲಗೆಯ ಮೇಲೆ ಎರಡು ವಿಮಾನಗಳನ್ನು ಬರೆದು, ‘ಕೋಬ್ರಾ’ ಎಂಬ ಕಸರತ್ತನ್ನು ವಿವರಿಸಿದೆ. ಹಿಂದಿನಿಂದ ಅಟ್ಟಿಸಿಕೊಂಡು ಬರುವ ವೈರಿಯ ಮುಂದೆ ಥಟ್ಟನೆ ಹೆಡೆಯೆತ್ತಿ ನಿಂತರೆ ಅವನು ತಡೆಯಲಾರದೆ ಮುಂದಕ್ಕೆ ದಾಟಿಹೋಗುತ್ತಾನೆ, ಆಗ ಬೇಟೆಗಾರನೇ ಬೇಟೆಯಾಗುತ್ತಾನೆ ಎಂದೆ. ಆ ಮಾತು ಅರ್ಧ ಮಾತ್ರ ಸರಿ. ಅದನ್ನು ತಿದ್ದುವುದು ಈ ಬರೆಹದ ಉದ್ದೇಶ.

ಆಕಾಶದಲ್ಲಿ ಲಾಗ ಹಾಕುವ ವಿದ್ಯೆ ವಿಮಾನಯುದ್ಧಕ್ಕಿಂತ ತುಸು ಹಿರಿದು. 1913ರಲ್ಲಿ ರಷ್ಯಾ ಸೈನ್ಯದ ಪ್ಯೋತರ್ ನೆಸ್ತೆರೋವ್ ಎಂಬ ಅಧಿಕಾರಿ ಕೀವ್ ನಗರದಲ್ಲಿ ಮೊದಲ ಬಾರಿಗೆ ವಿಮಾನವನ್ನು ಲಂಬವಾಗಿ ಪೂರ್ಣ ಸುತ್ತು ಹಾಕಿಸಿದನು. ಸರ್ಕಾರಿ ಸ್ವತ್ತನ್ನು ಅಪಾಯಕ್ಕೊಡ್ಡಿದನೆಂದು ಅವನಿಗೆ ಹತ್ತು ದಿನಗಳ ಬಂಧನ ವಿಧಿಸಲಾಯಿತು. (ಸೀಮೆಸುಣ್ಣಕ್ಕೂ ಲೆಕ್ಕ ಬರೆದಿಟ್ಟು ದುಡಿದ ನನಗೆ ಈ ಆರೋಪ ಅಪರಿಚಿತವೆನಿಸಲಿಲ್ಲ.) ಮರುವರ್ಷವೇ ಮಹಾಯುದ್ಧ ಆರಂಭವಾಗಿ, ವೈರಿಯ ವಿಮಾನಕ್ಕೆ ತನ್ನ ವಿಮಾನವನ್ನೇ ಡಿಕ್ಕಿ ಹೊಡೆಸಿ ಆತ ಮಡಿದನು. ಮುಂದೆ ಮೆಷಿನ್‌ಗನ್ನುಗಳನ್ನು ಮೂತಿಯ ದಿಕ್ಕಿಗೆ ಬಿಗಿದಾಗ, ವೈರಿಯ ಬೆನ್ನ ಹಿಂದೆ ಸೇರಿಕೊಳ್ಳುವುದೇ ಯುದ್ಧದ ಸಾರವಾಯಿತು. ನಿನ್ನೆಯವರೆಗೆ ಸರ್ಕಸ್ಸೆನಿಸಿದ್ದ ಲಾಗ, ಹೊರಳು, ತಿರುವುಗಳು ಪ್ರಾಣ ಉಳಿಸುವ ವಿದ್ಯೆಗಳಾದವು. ಜರ್ಮನಿಯ ಮ್ಯಾಕ್ಸ್ ಇಮೆಲ್‌ಮನ್ನನ ಹೆಸರು ಇಂದಿಗೂ ಅಂಥ ಒಂದು ತಿರುವಿಗೆ ಅಂಟಿಕೊಂಡಿದೆ.

ಕೋಬ್ರಾ ಲೋಕಪ್ರಸಿದ್ಧವಾದದ್ದು 1989ರ ಜೂನ್‌ನಲ್ಲಿ, ಪ್ಯಾರಿಸ್ ಬಳಿಯ ಲ ಬೂರ್ಜೆ ಪ್ರದರ್ಶನದಲ್ಲಿ. ಸೋವಿಯತ್ ಪರೀಕ್ಷಾ ಪೈಲಟ್ ವಿಕ್ಟರ್ ಪುಗಚೋವ್ ಸುಖೋಯ್-27 ವಿಮಾನವನ್ನು ನೇರ ಹಾರಿಸುತ್ತಲೇ ಅದರ ಮೂತಿಯನ್ನು ತೊಂಬತ್ತು ಡಿಗ್ರಿಯನ್ನೂ ಮೀರಿ ಹಿಂದಕ್ಕೆ ವಾಲಿಸಿ, ಮತ್ತೆ ಮುಂದಕ್ಕಿಳಿಸಿದರು. ವಿಮಾನದ ಎತ್ತರ ಹೆಚ್ಚು ಬದಲಾಗಲಿಲ್ಲ; ವೇಗ ಮಾತ್ರ ಕ್ಷಣಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಸ್ವೀಡನ್ನಿನ ವೈಮಾನಿಕರು ತಮ್ಮ ಡ್ರಾಕೆನ್ ವಿಮಾನದಲ್ಲಿ 1960ರ ದಶಕದಲ್ಲೇ ಇಂಥದನ್ನು ಮಾಡಿದ್ದರು. ಆ ವಿಮಾನಕ್ಕೆ ಮೂತಿ ಮೇಲೆದ್ದು ಹಿಡಿತ ತಪ್ಪುವ ದೋಷವಿತ್ತು. ಅದರಿಂದ ಪಾರಾಗುವ ತರಬೇತಿಯಲ್ಲಿ ಈ ವಿದ್ಯೆ ಸಿಕ್ಕಿತ್ತು.

ನನ್ನ ಚಿತ್ರದ ತಪ್ಪನ್ನು ತೋರಿಸಿದವನು ಅದೇ ತರಗತಿಯ ಹುಡುಗ. ಮುಂದೆ ವಾಯುಪಡೆ ಸೇರಿ ಯುದ್ಧವಿಮಾನದ ಪೈಲಟ್ ಆದ. ರಜೆಯಲ್ಲಿ ಮನೆಗೆ ಬಂದವನ ಮುಂದೆ ನಾನು ಹಳೆಯ ಪಾಠವನ್ನು ಹೆಮ್ಮೆಯಿಂದ ನೆನೆದಾಗ, ಅವನು ನನ್ನ ಮೊಮ್ಮಗಳ ಸ್ಲೇಟನ್ನು ತೆಗೆದುಕೊಂಡು ಆ ಎರಡು ವಿಮಾನಗಳನ್ನು ಬರೆದ. ಆಮೇಲೆ ಮೂಲೆಯಲ್ಲಿ ಮೂರನೆಯದೊಂದನ್ನು ಬರೆದು, “ನೀವು ಇವನನ್ನು ಬರೆದಿರಲಿಲ್ಲ ಸಾರ್” ಎಂದ. ವೈರಿ ಒಬ್ಬನೇ ಬರುವುದಿಲ್ಲ. ಮೊದಲನೆಯವನು ದಾಟಿಹೋದರೂ, ವೇಗ ಕಳೆದುಕೊಂಡು ನಿಂತ ವಿಮಾನ ಅವನ ಜೊತೆಗಾರನಿಗೆ ಸುಲಭದ ಗುರಿ.

ಭೌತಶಾಸ್ತ್ರ ಕಲಿಸಿದ ನನಗೆ ಇದು ಹೊಳೆಯಬೇಕಿತ್ತು. ಅಮೆರಿಕದ ಪೈಲಟ್ ಜಾನ್ ಬಾಯ್ಡ್, ಗಣಿತಜ್ಞ ಥಾಮಸ್ ಕ್ರಿಸ್ಟಿಯೊಡನೆ 1960ರ ದಶಕದಲ್ಲಿ ರೂಪಿಸಿದ ಸಿದ್ಧಾಂತದ ತಿರುಳೇ ಶಕ್ತಿಯ ಲೆಕ್ಕಾಚಾರ. ವೇಗವೂ ಎತ್ತರವೂ ಪೈಲಟನ ಗಂಟಿನಲ್ಲಿರುವ ಹಣ. ಪ್ರತಿ ತಿರುವಿಗೂ ಖರ್ಚುಂಟು. ಕೋಬ್ರಾ ಎಂದರೆ ಗಂಟನ್ನು ಒಂದೇ ಸಲಕ್ಕೆ ಸುರಿದುಬಿಡುವುದು. ಜೊತೆಗೆ ಕ್ಷಿಪಣಿಗಳು ಯುದ್ಧದ ದೂರವನ್ನೇ ಬದಲಿಸಿದವು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ವಾಯುಪಡೆ ಉರುಳಿಸಿದ ವಿಮಾನಗಳಲ್ಲಿ ಹೆಚ್ಚಿನವು ರೇಡಾರ್ ಮಾರ್ಗದರ್ಶನದ ಸ್ಪ್ಯಾರೋ ಕ್ಷಿಪಣಿಗೆ ಬಲಿಯಾದವು. ಹತ್ತಿರದ ಕಾಳಗದಲ್ಲೂ ಮೂತಿ ತಿರುಗಿಸುವ ಅಗತ್ಯ ಕುಗ್ಗಿತು. ಎರಡು ಜರ್ಮನಿಗಳು 1990ರಲ್ಲಿ ಒಂದಾದಾಗ ಪೂರ್ವದವರ ಮಿಗ್-29ಗಳು ಪಶ್ಚಿಮದವರ ಕೈಗೆ ಬಂದವು. ಶಿರಸ್ತ್ರಾಣದ ಗುರಿಕಾಣಿಯಿಂದ ಪೈಲಟ್ ಕತ್ತು ಹೊರಳಿಸಿ ನೋಡಿದತ್ತ ಆರ್-73 ಕ್ಷಿಪಣಿ ಹಾರಬಲ್ಲದೆಂಬುದನ್ನು ಕಂಡು ಅವರು ಬೆರಗಾದರು. ನಮ್ಮ ದೇಶ 126 ವಿಮಾನಗಳಿಗಾಗಿ ನಡೆಸಿದ ಸ್ಪರ್ಧೆಯಲ್ಲಿ 2011ರಲ್ಲಿ ಕೊನೆಗುಳಿದ ರಫೇಲ್, ಯೂರೋಫೈಟರ್ ಎರಡಕ್ಕೂ ಸುಖೋಯ್-30ರಂತೆ ತಿರುಗುವ ಎಂಜಿನ್ ನಳಿಕೆಗಳಿಲ್ಲ.

ಹಾಗೆಂದು ಕಸರತ್ತು ಕೇವಲ ತೋರಿಕೆ ಎಂದುಬಿಟ್ಟರೆ ಅದು ನನ್ನ ಎರಡನೆಯ ತಪ್ಪಾದೀತು. ಕ್ಷಿಪಣಿ ಸಾಕೆಂದು ನಂಬಿ ಫಿರಂಗಿಯಿಲ್ಲದ ಫ್ಯಾಂಟಮ್ ವಿಮಾನಗಳನ್ನು ವಿಯೆಟ್ನಾಮಿಗೆ ಕಳಿಸಿದ ಅಮೆರಿಕ, 1969ರಲ್ಲಿ ಹತ್ತಿರದ ಕಾಳಗ ಕಲಿಸಲು ಮತ್ತೆ ಶಾಲೆ ತೆರೆಯಬೇಕಾಯಿತು. ನಳಿಕೆಯ ಬಳಿ ಅಲಗುಗಳನ್ನಿಟ್ಟು ಎಂಜಿನ್ನಿನ ಉಗುಳನ್ನೇ ತಿರುಗಿಸುತ್ತಿದ್ದ ಎಕ್ಸ್-31 ಎಂಬ ಪ್ರಾಯೋಗಿಕ ವಿಮಾನ 1990ರ ದಶಕದ ಅಣಕು ಕಾಳಗಗಳಲ್ಲಿ ಎಫ್-18ನ್ನು ಬಹಳ ಸಲ ಸೋಲಿಸಿತು. ಆದರೆ ಅದು ಒಬ್ಬರಿಗೊಬ್ಬರು ಎದುರಾದ, ಸಮೀಪದ ಕಾಳಗ. ನನ್ನ ಶಿಷ್ಯನ ಅಭಿಪ್ರಾಯ ಬೇರೆ. “ಅದನ್ನು ಯುದ್ಧದಲ್ಲಿ ಮಾಡುವುದಿಲ್ಲ ಸಾರ್. ಆದರೆ ಅಂಚಿಗೆ ಹೋದಾಗಲೂ ವಿಮಾನ ಕೈಬಿಡುವುದಿಲ್ಲ ಎಂಬ ಧೈರ್ಯ ಬೇಕಲ್ಲ.”

ಆ ಧೈರ್ಯಕ್ಕೆ ತೆರುವ ಬೆಲೆ ನನ್ನನ್ನು ಕಾಡುತ್ತದೆ. 1999ರಲ್ಲಿ ಪ್ಯಾರಿಸ್ಸಿನಲ್ಲೇ ಸುಖೋಯ್-30 ಬಾಲದಿಂದ ನೆಲಕ್ಕೆ ತಾಗಿ ಉರಿದುಹೋಯಿತು. ಅದರಲ್ಲಿದ್ದ ಇಬ್ಬರೂ ಆಸನಸಮೇತ ಹೊರಚಿಮ್ಮಿ ಬದುಕಿದರು. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ನಮ್ಮ ತೇಜಸ್ ಬಿದ್ದು ಪೈಲಟ್ ತೀರಿಕೊಂಡರು. 2019ರ ಫೆಬ್ರವರಿ 19ರಂದು, ಅದೇ ಯಲಹಂಕದಲ್ಲಿ, ಅಭ್ಯಾಸದ ವೇಳೆ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಗುಲಿ ಒಬ್ಬರು ಪ್ರಾಣ ಕಳೆದುಕೊಂಡರು. ನನ್ನ ಶಿಷ್ಯ ಆ ತಂಡದಲ್ಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಟಿವಿಯ ಸುದ್ದಿ ನೋಡಿದೊಡನೆ ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಂಜೆ ಅವನೇ ಕರೆ ಮಾಡಿ, “ಇಲ್ಲೇ ಇದ್ದೇನೆ ಸಾರ್” ಎಂದ. ಬೇರೇನೂ ಕೇಳಲು ನನಗೆ ತೋಚಲಿಲ್ಲ, ಊಟವಾಯಿತೇ ಎಂದೆ. ಇನ್ನೂ ಇಲ್ಲ, ಬೇಗ ಮಲಗಬೇಕು, ಬೆಳಿಗ್ಗೆ ಹಾರಾಟವಿದೆ ಎಂದ.