ಬಿಲ್ಲಿಗೆ ಬಾರದ ದರ: ವಿದ್ಯುತ್ ನಷ್ಟ ಬ್ಯಾಂಕುಗಳ ಲೆಕ್ಕ ಸೇರಿದ ಬಗೆ (2003–2025)

2012ರ ಫೆಬ್ರವರಿಯ ಕೊನೆಯಲ್ಲಿ ಚೆನ್ನೈ ನಗರದ ವಿದ್ಯುತ್ ಕಡಿತ ದಿನಕ್ಕೆ ಒಂದು ಗಂಟೆಯಿಂದ ಎರಡು ಗಂಟೆಗೆ ಏರಿತು. ನಗರದ ದಕ್ಷಿಣ ಅಂಚಿನ ಪೆರುಂಗುಡಿ ಆಗಷ್ಟೇ, 2011ರಲ್ಲಿ, ಪಟ್ಟಣ ಪಂಚಾಯಿತಿಯ ಸ್ಥಾನ ಕಳೆದುಕೊಂಡು ಮಹಾನಗರ ಪಾಲಿಕೆಯೊಳಗೆ ಬಂದಿತ್ತು. ಅಲ್ಲಿ ಹಳೆ ಮಹಾಬಲಿಪುರಂ ರಸ್ತೆಗುಂಟ (ಓಎಂಆರ್) ಎದ್ದು ನಿಂತಿದ್ದ ಗಾಜಿನ ಕಟ್ಟಡಗಳಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುತ್ತಿರಲಿಲ್ಲ. ನೆಲಮಾಳಿಗೆಯ ಡೀಸೆಲ್ ಜನರೇಟರ್‌ಗಳು ಶುರುವಾಗುತ್ತಿದ್ದವು. ಹಾಗೆ ತಯಾರಾದ ಯೂನಿಟ್‌ಗೆ ವಿದ್ಯುತ್ ಮಂಡಳಿಯ ದರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಖರ್ಚು. ಸಾಫ್ಟ್‌ವೇರ್ ಕಂಪನಿ ಅದನ್ನು ತಾಳಿಕೊಂಡಿತು. ಕೊಯಮತ್ತೂರಿನ ಪಂಪ್‌ಸೆಟ್ ತಯಾರಕರಿಗೆ, ಲೇತ್ ಇಟ್ಟುಕೊಂಡ ಸಣ್ಣ ವರ್ಕ್‌ಶಾಪಿನವರಿಗೆ ಅದು ಸಾಧ್ಯವಿರಲಿಲ್ಲ. ಅಲ್ಲಿ ಕಡಿತ ಎಂಟು ಗಂಟೆಯನ್ನೂ ಮೀರಿತ್ತು.

ಈ ಕತ್ತಲನ್ನು ಉತ್ಪಾದನೆಯ ಕೊರತೆ ಎಂದೇ ಬಹುತೇಕ ಬರಹಗಳು ವಿವರಿಸಿವೆ. ಕೊರತೆ ಇದ್ದದ್ದು ನಿಜ. ಆದರೆ ನನ್ನ ವಾದ ಬೇರೆ. ಗ್ರಾಹಕರ ಬಿಲ್ಲಿಗೆ ಬಾರದೆ ಉಳಿದ ಇಂಧನದ ಬೆಲೆ ವರ್ಷಗಟ್ಟಲೆ ಬ್ಯಾಂಕ್ ಸಾಲವಾಗಿ ಬೆಳೆಯಿತು. 2015ರ ನಂತರ ಬ್ಯಾಂಕುಗಳನ್ನು ಅಲುಗಿಸಿದ ವಸೂಲಾಗದ ಸಾಲದ ಒಂದು ದೊಡ್ಡ ಬೇರು ಇಲ್ಲಿದೆ.

ತಮಿಳುನಾಡಿನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2003ರಲ್ಲಿ ದರ ಪರಿಷ್ಕರಿಸಿತು. ಮುಂದಿನ ಪರಿಷ್ಕರಣೆ ಬಂದದ್ದು 2010ರ ಆಗಸ್ಟ್‌ನಲ್ಲಿ. ನಡುವಿನ ಏಳು ವರ್ಷಗಳಲ್ಲಿ ಜಗತ್ತಿನ ಕಚ್ಚಾ ತೈಲ ಬ್ಯಾರಲ್‌ಗೆ 30 ಡಾಲರ್ ಆಸುಪಾಸಿನಿಂದ 2008ರ ಜುಲೈನಲ್ಲಿ 147 ಡಾಲರ್ ತಲುಪಿ ಕುಸಿಯಿತು. ಕಲ್ಲಿದ್ದಲೂ ಅದರ ಹಿಂದೆಯೇ ಏರಿ ಇಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಮುಳುಗಿದಾಗ ಓಎಂಆರ್‌ನ ಕಚೇರಿಗಳಲ್ಲಿ ಎಲ್ಲರ ಕಣ್ಣು ಅಮೆರಿಕದ ಬ್ಯಾಂಕುಗಳ ಮೇಲಿತ್ತು. ಅದೇ ಹೊತ್ತಿಗೆ ಇಲ್ಲಿನ ವಿದ್ಯುತ್ ಮಂಡಳಿ ಹೊರಗಿನಿಂದ ದುಬಾರಿ ಬೆಲೆಗೆ ವಿದ್ಯುತ್ ಕೊಂಡು, ಹಳೆಯ ದರಕ್ಕೆ ಮಾರಿ, ವ್ಯತ್ಯಾಸಕ್ಕೆ ಸಾಲ ಮಾಡುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಶೇ 37ರಷ್ಟು ದರ ಏರಿಸಿದರೂ ಹಳೆಯ ಗಂಟು ಕರಗಲಿಲ್ಲ.

ಈ ಗಂಟನ್ನು ಲೆಕ್ಕದ ಪುಸ್ತಕದಲ್ಲಿ ಇಟ್ಟ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಂದು ಯೂನಿಟ್ ಪೂರೈಸಲು ಆರು ರೂಪಾಯಿ ತಗಲುತ್ತದೆ, ಗ್ರಾಹಕರಿಂದ ನಾಲ್ಕೇ ಬರುತ್ತದೆ ಎಂದುಕೊಳ್ಳಿ. ಉಳಿದ ಎರಡನ್ನು ಆಯೋಗ ತಳ್ಳಿಹಾಕುವುದಿಲ್ಲ. ಮುಂದೊಂದು ದಿನ ವಸೂಲು ಮಾಡಬಹುದಾದ ಹಣ ಎಂದು ಒಪ್ಪಿ, ‘ನಿಯಂತ್ರಕ ಆಸ್ತಿ’ ಎಂಬ ತಲೆಬರಹದಡಿ ಬರೆಸುತ್ತದೆ. ಕಾಗದದ ಮೇಲೆ ನಷ್ಟ ಕಡಿಮೆಯಾಗುತ್ತದೆ. ಆದರೆ ಕಲ್ಲಿದ್ದಲು ಕಂಪನಿಗೆ, ರೈಲ್ವೆಗೆ, ಖಾಸಗಿ ಉತ್ಪಾದಕರಿಗೆ ಕೊಡಬೇಕಾದದ್ದು ನಗದು. ಆ ನಗದನ್ನು ಬ್ಯಾಂಕು ಕೊಡುತ್ತದೆ, ಹಿಂದಿರುವ ರಾಜ್ಯ ಸರ್ಕಾರದ ಮುಖ ನೋಡಿ. ಸಾಲದ ಮೇಲಿನ ಬಡ್ಡಿ ಮುಂದಿನ ವರ್ಷದ ಖರ್ಚಿಗೆ ಸೇರುತ್ತದೆ. ಖರ್ಚು ಹೆಚ್ಚಿದಷ್ಟೂ ಅಂತರ ಹಿಗ್ಗುತ್ತದೆ. ವಿತರಣಾ ಕಂಪನಿಗಳ ಸಾಲದ ಹೊರೆ ಇಳಿಸಲು ಕೇಂದ್ರ ತಂದ ಉದಯ್ ಯೋಜನೆಗೆ ತಮಿಳುನಾಡು 2017ರ ಜನವರಿಯಲ್ಲಿ ಸಹಿ ಹಾಕಿದಾಗ ರಾಜ್ಯದ ವಿತರಣಾ ಕಂಪನಿ ಟ್ಯಾಂಜೆಡ್ಕೋದ ಸಾಲ 30,420 ಕೋಟಿ ರೂಪಾಯಿ ಎಂದು ಲೆಕ್ಕ ಹಿಡಿಯಲಾಯಿತು. ಅದರ ಮುಕ್ಕಾಲು ಪಾಲು, 22,815 ಕೋಟಿ, ರಾಜ್ಯದ ತಲೆಯ ಮೇಲೆ ಬಂತು. ಕರ್ನಾಟಕ ಇದೇ ಯೋಜನೆಗೆ 2016ರಲ್ಲಿ ಸೇರಿದ್ದು ಕಾರ್ಯದಕ್ಷತೆಯ ಸುಧಾರಣೆಗೆ ಮಾತ್ರ, ಸಾಲ ವಹಿಸಿಕೊಳ್ಳಲು ಅಲ್ಲ.

ಹಾಗೆಂದು ಕರ್ನಾಟಕ ಈ ಕಥೆಯ ಹೊರಗಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರ ಆಮದು ಕಲ್ಲಿದ್ದಲನ್ನೇ ನಂಬಿ ಕಟ್ಟಿದ್ದು. ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರುತ್ತದೆ. ಇಂಡೊನೇಷ್ಯಾ ತನ್ನ ಕಲ್ಲಿದ್ದಲನ್ನು ಅಂತರರಾಷ್ಟ್ರೀಯ ಬೆಲೆಗಿಂತ ಅಗ್ಗವಾಗಿ ಮಾರಬಾರದೆಂದು 2010ರಲ್ಲಿ ನಿಯಮ ತಂದಿತು. 2011ರ ಸೆಪ್ಟೆಂಬರ್ ಹೊತ್ತಿಗೆ ಹಳೆಯ ಒಪ್ಪಂದಗಳೂ ಅದರಡಿ ಬಂದವು. ಗುಜರಾತಿನ ಮುಂದ್ರಾದ ಟಾಟಾ ಸ್ಥಾವರ ಕಡಿಮೆ ದರಕ್ಕೆ ಬಿಡ್ ಮಾಡಿ ಗೆದ್ದಿದ್ದರಿಂದ ಏರಿದ ಬೆಲೆಯ ಪೆಟ್ಟು ಕಂಪನಿಗೇ ಬಿತ್ತು. ಎಲ್ಲೂರಿನದು ಆಯೋಗ ನಿಗದಿ ಮಾಡುವ ದರ. ಇಂಧನದ ಖರ್ಚು ವಿದ್ಯುತ್ ಕೊಳ್ಳುವ ವಿತರಣಾ ಕಂಪನಿಗಳಿಗೆ, ಅಂದರೆ ಎಸ್ಕಾಂಗಳಿಗೆ, ದಾಟುತ್ತಿತ್ತು. ಎಸ್ಕಾಂ ಹೊತ್ತಿಗೆ ಸರಿಯಾಗಿ ಪಾವತಿಸದಿದ್ದರೆ ಉತ್ಪಾದಕರು ದುಡಿಮೆ ಬಂಡವಾಳಕ್ಕೆ ಮತ್ತೆ ಬ್ಯಾಂಕಿನ ಬಾಗಿಲಿಗೇ ಹೋಗಬೇಕು. ಎರಡು ದಾರಿಗಳೂ ಕೊನೆಗೆ ಸೇರುವುದು ಒಂದೇ ಕಡೆ.

ಎಲ್ಲೂರು ಸ್ಥಾವರದ ಮಾಲೀಕತ್ವ ಹೊಂದಿದ್ದ ಲ್ಯಾಂಕೋ ಸಾಲದ ಒತ್ತಡ ತಾಳದೆ 2014ರಲ್ಲಿ ಅದನ್ನು ಅದಾನಿ ಪವರ್‌ಗೆ ಸುಮಾರು 6,000 ಕೋಟಿ ಮೌಲ್ಯಕ್ಕೆ ಮಾರಲು ಒಪ್ಪಿತು. ಅದರಿಂದಲೂ ಲ್ಯಾಂಕೋ ಉಳಿಯಲಿಲ್ಲ. 2017ರ ಜೂನ್‌ನಲ್ಲಿ ದಿವಾಳಿ ಸಂಹಿತೆಯಡಿ ಕ್ರಮ ಜರುಗಿಸಲು ರಿಸರ್ವ್ ಬ್ಯಾಂಕ್ ಗುರುತಿಸಿದ 12 ದೊಡ್ಡ ಸಾಲಗಾರರಲ್ಲಿ ಲ್ಯಾಂಕೋ ಇನ್‌ಫ್ರಾಟೆಕ್ ಇತ್ತು. ಮರುವರ್ಷ ಅದನ್ನು ಬರಖಾಸ್ತು ಮಾಡಲು ಆದೇಶವಾಯಿತು.

ಒಂದೆರಡು ಕಂಪನಿಗಳ ಅವಿವೇಕ ಎಂದು ಇದನ್ನು ಬದಿಗೆ ಸರಿಸುವಂತಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ 2018ರಲ್ಲಿ 34 ಕಲ್ಲಿದ್ದಲು ಸ್ಥಾವರಗಳನ್ನು ಸಂಕಷ್ಟದಲ್ಲಿರುವವು ಎಂದು ಹೆಸರಿಸಿತು: 40,130 ಮೆಗಾವಾಟ್, ಸುಮಾರು 1.74 ಲಕ್ಷ ಕೋಟಿ ಸಾಲ. ಕಲ್ಲಿದ್ದಲು ಸಿಗದಿರುವುದು, ವಿದ್ಯುತ್ ಖರೀದಿ ಒಪ್ಪಂದವಿಲ್ಲದಿರುವುದು, ಪ್ರವರ್ತಕರು ತಮ್ಮ ಪಾಲಿನ ಬಂಡವಾಳ ತಾರದಿರುವುದು, ವಿತರಣಾ ಕಂಪನಿಗಳು ಹಣ ತಡಮಾಡುವುದು ಎಂದು ಅದು ಕಾರಣಗಳನ್ನು ಕೊಟ್ಟಿತು. ಈ ಕೊನೆಯ ಕಾರಣಕ್ಕೆ ಅರ್ಥಶಾಸ್ತ್ರಜ್ಞರು ಸಲ್ಲಬೇಕಾದ ತೂಕ ಕೊಟ್ಟಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದೇ ವರ್ಷದ ಫೆಬ್ರವರಿ 12ರಂದು, 2,000 ಕೋಟಿಗೂ ಮೇಲ್ಪಟ್ಟ ಸಾಲದ ಕಂತು ಒಂದು ದಿನ ತಪ್ಪಿದರೂ ಪರಿಹಾರ ಕ್ರಮ ಶುರುಮಾಡಬೇಕು ಎಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ಸರ್ಕಾರಿ ಕಂಪನಿಗಳೇ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡಿರುವಾಗ ನಾವು ದಿನ ತಪ್ಪದೆ ಕಟ್ಟುವುದು ಹೇಗೆ ಎಂದು ಉತ್ಪಾದಕರು ನ್ಯಾಯಾಲಯಕ್ಕೆ ಹೋದರು. 2019ರ ಏಪ್ರಿಲ್ 2ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದುಮಾಡಿತು. ಆ ತೀರ್ಪು ಚೆನ್ನೈನ ಧರಣಿ ಶುಗರ್ಸ್ ಕಂಪನಿಯ ಹೆಸರಿನಲ್ಲಿದೆ.

ಮದರಾಸು ಬ್ಯಾಂಕ್ ಕುಸಿತವನ್ನು ಮೊದಲೂ ಕಂಡಿತ್ತು. 1906ರ ಅಕ್ಟೋಬರ್ 22ರಂದು ಅರ್ಬತ್ನಾಟ್ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಠೇವಣಿದಾರರು ಒಂದೇ ದಿನದಲ್ಲಿ ಬೀದಿಗೆ ಬಂದರು. ಆ ಆಘಾತದಿಂದ ಮರುವರ್ಷ ಇಂಡಿಯನ್ ಬ್ಯಾಂಕ್ ಹುಟ್ಟಿತು. ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ಕುಸಿತಕ್ಕೆ ಕೆಲವೇ ತಿಂಗಳು ಮುಂಚೆ, ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರೂ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಕಟ್ಟಿದ ನಿಧಿಗಳು ಮುಂದೆ ಕಾರ್ಪೊರೇಷನ್, ಕೆನರಾ ಬ್ಯಾಂಕುಗಳಾದವು. ಶತಮಾನದ ನಂತರದ ಬಿಕ್ಕಟ್ಟಿನಲ್ಲಿ ಯಾರೂ ಬೀದಿಗೆ ಬರಲಿಲ್ಲ. 2018ರ ಮಾರ್ಚ್‌ಗೆ ಬ್ಯಾಂಕುಗಳ ಒಟ್ಟು ವಸೂಲಾಗದ ಸಾಲ ಶೇ 11 ದಾಟಿತು. ಅದಕ್ಕೂ ಮುನ್ನ 2017ರ ಅಕ್ಟೋಬರ್‌ನಲ್ಲೇ ಕೇಂದ್ರ 2.11 ಲಕ್ಷ ಕೋಟಿಯ ಮರುಬಂಡವಾಳ ಘೋಷಿಸಿತ್ತು. ಠೇವಣಿ ಉಳಿಯಿತು, ಭಾರ ತೆರಿಗೆದಾರರ ಮೇಲೆ ಹಂಚಿಹೋಯಿತು. ಕಾರ್ಪೊರೇಷನ್ ಬ್ಯಾಂಕ್ ರಿಸರ್ವ್ ಬ್ಯಾಂಕಿನ ತ್ವರಿತ ಸುಧಾರಣಾ ಕ್ರಮದ ನಿರ್ಬಂಧ ಅನುಭವಿಸಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಕರಾವಳಿಯವರಿಗೆ ಆ ಹೆಸರು ಅಳಿದದ್ದು ಸಣ್ಣ ನಷ್ಟವಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕಿನ ಗ್ರಾಹಕರಿಗೆ ಹಣ ತೆಗೆಯಲು 25,000 ರೂಪಾಯಿಯ ಮಿತಿ ಬಿದ್ದದ್ದಕ್ಕೆ ಕಾರಣ ಬೇರೆ. ವಿದ್ಯುತ್ ಸಾಲದ ಲೆಕ್ಕಕ್ಕೆ ಅದನ್ನು ಸೇರಿಸುವುದು ತಪ್ಪು.

ಉಕ್ರೇನ್ ಯುದ್ಧದಿಂದ 2022ರಲ್ಲಿ ಕಲ್ಲಿದ್ದಲು ಮತ್ತೆ ದುಬಾರಿಯಾದಾಗ ಹಾದಿ ಬದಲಾಯಿತು. ಇಂಧನದ ಏರಿಕೆಯನ್ನು ತಿಂಗಳು ತಿಂಗಳಿಗೆ ಬಿಲ್ಲಿಗೆ ದಾಟಿಸಲು ಕೇಂದ್ರದ ನಿಯಮ ಬಂತು. 2023ರ ಜೂನ್‌ನಲ್ಲಿ ಬಿಲ್ಲು ಹಿಡಿದ ಕರ್ನಾಟಕದ ಉದ್ಯಮಿಗಳು ಬಂದ್ ನಡೆಸಿದರು. ಜುಲೈನಲ್ಲಿ ಗೃಹಜ್ಯೋತಿ ಬಂತು: ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ. ಪೆರುಂಗುಡಿಯ ಮನೆಗಳಿಗೆ 2016ರಿಂದಲೂ ಎರಡು ತಿಂಗಳಿಗೆ 100 ಯೂನಿಟ್ ಉಚಿತವಿದೆ. ಬಡ ಮನೆಯ ದೀಪಕ್ಕೆ ಸರ್ಕಾರ ಹಣ ಕೊಡುವುದನ್ನು ನಾನು ಆಕ್ಷೇಪಿಸುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ, ಆದರೆ ಸಹಾಯಧನವನ್ನು ಮುಂಗಡವಾಗಿ ಕಟ್ಟಬೇಕೆಂಬ ಷರತ್ತಿನ ಮೇಲೆ. ಬಾಕಿ ಉಳಿದ ನಿಯಂತ್ರಕ ಆಸ್ತಿಯನ್ನು ಗೊತ್ತುಪಡಿಸಿದ ಕಾಲಮಿತಿಯಲ್ಲಿ ತೀರಿಸಬೇಕೆಂದು 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಆ ಮೊತ್ತ ಬಜೆಟ್ಟಿನಿಂದ ಬರುತ್ತದೆಯೋ, ಬಿಲ್ಲಿನಿಂದಲೋ, ಮತ್ತೆ ಬ್ಯಾಂಕಿನ ಸಾಲದಿಂದಲೋ ಎಂಬುದನ್ನು ಎರಡೂ ರಾಜ್ಯಗಳ ಶಾಸನಸಭೆಗಳು ಪ್ರತಿ ವರ್ಷ ಬಹಿರಂಗವಾಗಿ ಲೆಕ್ಕ ಕೇಳಬೇಕು.