ಹಳೇ ಬೆಳ್ಳಿ ರೂಪಾಯಿ: ಕೊಳ್ಳುವುದು, ಬೆಲೆ ಕಟ್ಟುವುದು, ಮಾರುವುದು

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಆಸುಪಾಸಿನ ಸಂಡೇ ಬಜಾರಿರಲಿ, ಮುಂಬಯಿಯ ಚೋರ್ ಬಜಾರಿರಲಿ, ಹಳೇ ಸಾಮಾನು ಹರಡಿ ಕೂತವರ ಮುಂದೆ ತುಕ್ಕು ಹಿಡಿದ ಬೀಗ, ಹಿತ್ತಾಳೆ ಚೊಂಬು, ನಿಂತುಹೋದ ಗಡಿಯಾರಗಳ ಜೊತೆ ಒಂದು ತಟ್ಟೆ ನಾಣ್ಯ ಇದ್ದೇ ಇರುತ್ತದೆ. ಅದರಲ್ಲಿ ಜನರ ಕೈ ಮೊದಲು ಹೋಗುವುದು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗೆ. ಎಷ್ಟು ಹಳೆಯದೋ ಅಷ್ಟು ಬೆಲೆ ಎಂಬ ನಂಬಿಕೆ ಮಾರುವವನಿಗೂ ಇದೆ, ಕೊಳ್ಳುವವನಿಗೂ ಇದೆ. ಈ ವ್ಯಾಪಾರದಲ್ಲಿ ಆಗುವ ಹೆಚ್ಚಿನ ನಷ್ಟಕ್ಕೆ ಈ ನಂಬಿಕೆಯೇ ಕಾರಣ.

ಮೊದಲು ತೂಕ, ಆಮೇಲೆ ಮಾತು

ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರವರೆಗೂ ಈ ಲೆಕ್ಕ ಬದಲಾಗಲಿಲ್ಲ. ಹಾಗಾಗಿ ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಯಾರ ತಲೆಯಿದ್ದರೂ ಸವೆಯದ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂತು. ಆಗ ಸರ್ಕಾರ ಅದರ ಪಾಲನ್ನು ಅರ್ಧಕ್ಕೆ ಇಳಿಸಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಿಂಬದಿಯಲ್ಲಿ ಹುಲಿ ಇರುವ ಈ ನಾಣ್ಯ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ.

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಸಿಗುವ ಚಾರ್‌ಮಿನಾರ್ ಮುದ್ರೆಯ ರೂಪಾಯಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ನಿಜಾಮರ ಹಾಲಿ ಸಿಕ್ಕಾ. ತೂಕ ಸುಮಾರು 11.18 ಗ್ರಾಂ, ಬೆಳ್ಳಿ ಸಾಮಾನ್ಯವಾಗಿ ಶೇ. 81.8.

ಕೊಳ್ಳಲು ಹೋಗುವ ದಿನ ಬೆಳ್ಳಿಯ ದರ ತಿಳಿದುಕೊಂಡು ಅದನ್ನು ನಾಣ್ಯದಲ್ಲಿರುವ ಶುದ್ಧ ಬೆಳ್ಳಿಯ ತೂಕದಿಂದ ಗುಣಿಸಿಕೊಳ್ಳಿ. ಬರುವ ಮೊತ್ತ ಆ ನಾಣ್ಯದ ಕನಿಷ್ಠ ಬೆಲೆ. ಅದಕ್ಕಿಂತ ಮೇಲೆ ಕೇಳುವ ಪ್ರತಿ ರೂಪಾಯಿಗೂ ಮಾರುವವನ ಬಳಿ ಕಾರಣ ಇರಬೇಕು.

ಬೆಲೆ ಏರಿಸುವ ಇಸವಿ

ಆ ಕಾರಣ ಸಾಮಾನ್ಯವಾಗಿ ಇಸವಿಯಲ್ಲಿರುತ್ತದೆ. 1862 ಎಂದು ಬರೆದ ವಿಕ್ಟೋರಿಯಾ ರೂಪಾಯಿಯನ್ನೇ ನೋಡಿ. 1874ರಲ್ಲಿ ಇಸವಿ ಬದಲಾಗುವವರೆಗೂ ಟಂಕಸಾಲೆಗಳು ಅದೇ ಇಸವಿಯನ್ನು ಅಚ್ಚು ಹಾಕುತ್ತಿದ್ದವು. ಅದಕ್ಕೇ ಅದು ರಾಶಿ ರಾಶಿ ಸಿಗುತ್ತದೆ. ಅದೇ 1939ರ ಆರನೇ ಜಾರ್ಜ್ ರೂಪಾಯಿ ಸಂಗ್ರಹಕಾರರು ಹುಡುಕಿ ಹುಡುಕಿ ದಣಿಯುವ ನಾಣ್ಯ. ವಯಸ್ಸಿನಲ್ಲಿ 77 ವರ್ಷ ಚಿಕ್ಕದು, ಬೆಲೆಯಲ್ಲಿ ಎಷ್ಟೋ ಪಟ್ಟು ದೊಡ್ಡದು.

1918ರ ಐದನೇ ಜಾರ್ಜ್ ರೂಪಾಯಿ ಏಕೆ ಇಷ್ಟು ಅಗ್ಗ ಎಂಬುದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. ಮೊದಲ ಮಹಾಯುದ್ಧದಲ್ಲಿ ಭಾರತದಲ್ಲಿ ಬೆಳ್ಳಿ ನಾಣ್ಯದ ಅಭಾವ ವಿಪರೀತವಾಯಿತು. ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ ತನ್ನ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಇಲ್ಲಿ ರೂಪಾಯಿಯಾಯಿತು. ನಿಮ್ಮ ಅಜ್ಜಿಯ ಪೆಟ್ಟಿಗೆಯ 1918ರ ನಾಣ್ಯದಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಸೇರಿದ್ದೀತು. ಕಥೆ ಸೊಗಸಾಗಿದೆ, ಆದರೆ ಸವಕಲು ನಾಣ್ಯವಾದರೆ ಬೆಳ್ಳಿಯ ಬೆಲೆಯ ಮೇಲೆ ಹೆಚ್ಚೇನೂ ಸಿಗದು.

1911ರದ್ದು ಇನ್ನೊಂದು ಬಗೆ. ಆ ವರ್ಷ ಐದನೇ ಜಾರ್ಜನ ನಿಲುವಂಗಿಯ ಮೇಲೆ ಕೆತ್ತಿದ ಪುಟ್ಟ ಆನೆಯ ಸೊಂಡಿಲು ಮೊಂಡಾಗಿತ್ತು, ನೋಡಿದವರಿಗೆ ಹಂದಿಯಂತೆ ಕಂಡಿತು. ಜನರ ಅಸಮಾಧಾನಕ್ಕೆ ಅಂಜಿ ಸರ್ಕಾರ ಅಚ್ಚಾದ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿತು. ಇಂದಿಗೂ ಇದನ್ನು ಹಂದಿ ರೂಪಾಯಿ ಎಂದೇ ಕೇಳಿ ಕೊಳ್ಳುತ್ತಾರೆ. ಟಂಕಸಾಲೆಯ ಗುರುತನ್ನೂ ಗಮನಿಸಬೇಕು. ಐದನೇ ಜಾರ್ಜ್ ರೂಪಾಯಿಯ ಇಸವಿಯ ಕೆಳಗೆ ಸಣ್ಣ ಚುಕ್ಕೆ ಇದ್ದರೆ ಮುಂಬಯಿಯದು, ಇಲ್ಲದಿದ್ದರೆ ಕೋಲ್ಕತ್ತದ್ದು. ಒಂದೇ ಇಸವಿಯಲ್ಲಿ ಒಂದು ಊರಿನದು ಸಲೀಸಾಗಿ ಸಿಕ್ಕು ಇನ್ನೊಂದು ಊರಿನದು ಅಪರೂಪವಾಗಿರುವುದುಂಟು.

ದಯವಿಟ್ಟು ಉಜ್ಜಬೇಡಿ

ಹಬ್ಬ ಬಂತೆಂದರೆ ಲಕ್ಷ್ಮೀಪೂಜೆಗಿಡುವ ರೂಪಾಯಿಗಳನ್ನು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಪೂಜೆಯ ದೃಷ್ಟಿಯಿಂದ ಅದು ಸರಿ. ಆದರೆ ಹೀಗೆ ತಿಕ್ಕಿದಾಗ ರಾಣಿಯ ಕೂದಲ ಎಳೆ, ಕಿರೀಟದ ಅಂಚು, ಆನೆಯ ಸೊಂಡಿಲು ಸವೆದುಹೋಗುತ್ತವೆ. ಸಂಗ್ರಹಕಾರ ಹಣ ಕೊಡುವುದು ಆ ಗೆರೆಗಳಿಗೆ. ಕಾಲದಿಂದ ಕಟ್ಟಿದ ಕಪ್ಪು ಬೂದು ಬಣ್ಣ ಅವನ ಕಣ್ಣಿಗೆ ಕೊಳೆಯಲ್ಲ, ಯಾರೂ ಮುಟ್ಟಿಲ್ಲವೆಂಬುದಕ್ಕೆ ಸಾಕ್ಷಿ. ಸರಕ್ಕೆಂದು ತೂತು ಕೊರೆದ, ಕೊಂಡಿ ಬೆಸೆದ ರೂಪಾಯಿ ಸಾಮಾನ್ಯವಾಗಿ ಬೆಳ್ಳಿಯ ತೂಕಕ್ಕೇ ಹೋಗುತ್ತದೆ. ಲಂಬಾಣಿ ಆಭರಣಗಳಲ್ಲಿ ಪೋಣಿಸಿದ ನಾಣ್ಯಗಳನ್ನು ಮಾತ್ರ ಬಿಡಿಸಬಾರದು. ಅಲ್ಲಿ ಬೆಲೆ ಇರುವುದು ಇಡೀ ಆಭರಣಕ್ಕೆ.

ನಕಲಿ ಹಿಡಿಯುವುದು

ಅರ್ಧ ಬೆಳ್ಳಿಯ ರೂಪಾಯಿಗಳ ಅಂಚಿನ ನಡುವೆ, ನಕಲಿ ತಡೆಯಲೆಂದೇ ಮಾಡಿದ ಒಂದು ಪಟ್ಟಿ ಇರುತ್ತದೆ. ಹಿಂದಿನವುಗಳ ಅಂಚಿನಲ್ಲಿ ಬರೀ ನೇರ ಗೀರುಗಳು. ಯಾರಾದರೂ 1939 ಎಂದು ತೋರಿಸಿ, ಅಂಚಿನಲ್ಲಿ ಆ ಪಟ್ಟಿ ಕಂಡರೆ ಅಂಕಿಯನ್ನು ತಿದ್ದಿದ್ದಾರೆ ಎಂದರ್ಥ. ಚಿನಿವಾರರ ತಕ್ಕಡಿಯಲ್ಲಿ ನೀರಿನೊಳಗೆ ತೂಗಿದರೆ ಇನ್ನೂ ಖಚಿತ: 1940ಕ್ಕೆ ಮುಂಚಿನ ಅಸಲಿ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಕಡಿಮೆ ತೂಗುತ್ತದೆ. ಅಗ್ಗದ ಲೋಹದ ನಕಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ.

ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಇನ್ನೊಂದು ಕಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇಸವಿ 1616 ಅಥವಾ 1818 ಇರುವ ಬಿಲ್ಲೆಗಳು ಊರೂರಲ್ಲಿ ಓಡಾಡುತ್ತವೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ರೈಸ್ ಪುಲ್ಲಿಂಗ್ ಎಂಬ ಹೆಸರಿನಲ್ಲಿ, ಅಕ್ಕಿ ಎಳೆಯುವ ನಾಣ್ಯಕ್ಕೆ ಕೋಟಿ ಬೆಲೆಯೆಂದು ನಂಬಿಸಿ ಹೊಲ ಮನೆ ಮಾರಿಸುವ ಗುಂಪುಗಳಿಗೂ ಹಳೇ ನಾಣ್ಯವೇ ಬಂಡವಾಳ. ಯಾವ ಲೋಹವೂ ಅಕ್ಕಿಯನ್ನು ಎಳೆಯುವುದಿಲ್ಲ. ಎಳೆದಂತೆ ಕಂಡರೆ ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿರುತ್ತಾರೆ.

ಮಾರುವಾಗ

ಜಾಲತಾಣದಲ್ಲಿ ಯಾರೋ ಒಂದು ರೂಪಾಯಿಗೆ ಹತ್ತು ಲಕ್ಷ ಕೇಳಿದ್ದಾರೆಂದರೆ ಅದು ಅವರ ಆಸೆ, ಬೆಲೆಯಲ್ಲ. ನೋಡಬೇಕಾದ್ದು ಹರಾಜು ಸಂಸ್ಥೆಗಳು ಪ್ರಕಟಿಸುವ, ನಿಜವಾಗಿ ಮಾರಾಟವಾದ ಮೊತ್ತ. ಅದೂ ನಿಮ್ಮ ನಾಣ್ಯದಷ್ಟೇ ಸವೆದ, ಅದೇ ಇಸವಿಯ, ಅದೇ ಟಂಕಸಾಲೆಯ ನಾಣ್ಯದ್ದು. ಅಂಗಡಿಯವರು ಮಾರುವ ಬೆಲೆಗೇ ಕೊಳ್ಳುವುದಿಲ್ಲ. ಅವರೂ ಬದುಕಬೇಕಲ್ಲ, ಅದರಲ್ಲಿ ಮೋಸವೇನಿಲ್ಲ. ಸಾಮಾನ್ಯ ನಾಣ್ಯವಾದರೆ ಮೂರು ಕಡೆ ವಿಚಾರಿಸಿ ಕೊಟ್ಟುಬಿಡಿ, ಅಪರೂಪದ್ದಾದರೆ ಹರಾಜಿಗೆ ಕಳಿಸಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ನು, ತೆರಿಗೆ ಕೇಳುವ ಕರೆ ಬಂದರೆ ಫೋನ್ ಇಟ್ಟುಬಿಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಕಾನೂನು ಹೇಳುವುದೇನು

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಮಾರುವುದನ್ನೇ ಕಸುಬು ಮಾಡಿಕೊಳ್ಳುವವರಿಗೆ ಪರವಾನಗಿ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದಂತೂ ಅಪರಾಧ. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳೆಲ್ಲ ಈಗ ಈ ಲೆಕ್ಕದಲ್ಲಿ ಬರುತ್ತವೆ. ವಿದೇಶದಲ್ಲಿರುವ ಮಕ್ಕಳಿಗೆ ಮನೆಯ ಲಕ್ಷ್ಮಿಯೆಂದು ಸೂಟ್‌ಕೇಸಿನಲ್ಲಿ ಒಂದೆರಡು ಹಾಕಿ ಕಳಿಸುವ ಮುನ್ನ ನಾಣ್ಯದ ಮೇಲಿನ ಇಸವಿಯನ್ನು ಒಮ್ಮೆ ನೋಡಿ.